ನನ್ನ ಸಪೂರದ ಜಂಬ

ಸಪೂರ ಇರುವವರಷ್ಟು ಉಪದೇಶ ಮಾಡುವವರು ಈ ಲೋಕದಲ್ಲಿ ಬೇರೆ ಯಾರೂ ಇಲ್ಲ. ನಾನೇ ಆ ಜಾತಿಗೆ ಸೇರಿದವನಾದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ನನ್ನ ಮದುವೆಗೆ ಹೊಲಿಸಿದ ಪ್ಯಾಂಟು ಇಂದಿಗೂ ನನ್ನ ಸೊಂಟದಿಂದ ಜಾರುತ್ತದೆ. ಮುಳ್ಳೇರಿಯದ ಬಸ್ಸಿನಲ್ಲಿ ಯಾರಾದರೂ "ಎಂತ ಮಾರಾಯ್ರೇ, ಹೀಗೆಯೇ ಇದ್ದೀರಲ್ಲ!" ಎಂದರೆ ಸಾಕು, ಬಾಯಿ ಕಟ್ಟುವುದರ ಮಹತ್ವವನ್ನು ಇಳಿಯುವವರೆಗೂ ಕೊರೆಯುತ್ತಿದ್ದೆ. ಬಾಯಿ ಕಟ್ಟಿದ್ದು ಯಾವಾಗ ಎಂದು ಯಾರೂ ಕೇಳದಿದ್ದದ್ದು ನನ್ನ ಪುಣ್ಯ.

ನಮ್ಮ ಕಡೆ ಕುಶಲ ವಿಚಾರಿಸುವುದೇ ಹೀಗೆ. ಕಂಡ ಕೂಡಲೇ "ತೋರ ಆದಿರಿ" ಅನ್ನಬೇಕು, ಇಲ್ಲವೇ "ಸಪೂರ ಆದಿರಿ" ಅನ್ನಬೇಕು. ಹತ್ತನೇ ಕ್ಲಾಸಿನಲ್ಲಿದ್ದ ನಮ್ಮ ಮಗಳು ಶ್ರುತಿಗೆ ಸಿಗುತ್ತಿದ್ದದ್ದು ಮೊದಲನೆಯದ್ದೇ. ಮನೆಗೆ ಬಂದರೆ ನನ್ನ ಭಾಷಣ ಬೇರೆ. ಹುಡುಗಿ ಮೆಲ್ಲಗೆ ಊಟವನ್ನೇ ಬಿಟ್ಟಳು. ಕೇಳಿದರೆ "ಹಸಿವಿಲ್ಲ" ಎನ್ನುವಳು. ಒಂದು ದಿನ ಶಾಲೆಯ ಅಸೆಂಬ್ಲಿಯಲ್ಲಿ ತಲೆ ತಿರುಗಿ ಬಿದ್ದಳು. ಅಂದೇ ಡಾಕ್ಟರ ಹತ್ತಿರ ಕರೆದುಕೊಂಡು ಓಡಿದೆವು.

ಕಾಸರಗೋಡಿನ ಲೇಡಿ ಡಾಕ್ಟರು ಅವಳನ್ನು ಪರೀಕ್ಷಿಸಿ, ಮಾತಾಡಿಸಿ, "ಇವಳನ್ನು ಬೈಯುವುದು ಯಾರು?" ಎಂದರು. ಹೆಂಡತಿ ಜಯಂತಿ ನನ್ನನ್ನು ನೋಡಿದಳು. ನಾನು ಫ್ಯಾನು ನೋಡಿದೆ.

"ಹೊಟ್ಟೆ ತುಂಬಿತು, ಸಾಕು ಅಂತ ತಲೆಗೆ ಹೇಳುವ ಹಾರ್ಮೋನುಗಳು ಉಂಟು. ಕೆಲವರಿಗೆ ಆ ಮಾತು ಬೇಗ ಮುಟ್ಟುತ್ತದೆ, ಕೆಲವರಿಗೆ ತಡ, ಅವರು ತೋರ ಆಗುತ್ತಾರೆ. ಅದರಲ್ಲಿ ತಂದೆ ತಾಯಿಯಿಂದ ಬರುವುದು ತುಂಬ ಉಂಟು. ಆಟ, ನಡಿಗೆ ಬೇಕು. ಉಪವಾಸವೂ ಬೇಡ, ಬೈಗುಳವೂ ಬೇಡ" ಎಂದರು ಡಾಕ್ಟರು.

ಮನೆ ಮುಟ್ಟುವಷ್ಟರಲ್ಲಿ ನನ್ನೊಳಗಿನ ವಕೀಲ ಎಚ್ಚೆತ್ತಿದ್ದ. ನಮ್ಮ ತುಳುವರಲ್ಲಿ ಅಳಿಯಕಟ್ಟು. ಮನೆತನ, ಆಸ್ತಿಯ ಪಾಲು ಎಲ್ಲ ತಾಯಿಯ ಕಡೆಯಿಂದ, ಸೋದರಮಾವನ ದಾರಿಯಲ್ಲಿ ಬರುವಂಥದ್ದು. "ಹಾಗಾದರೆ ಈ ಹಾರ್ಮೋನು ನಿನ್ನ ಅಣ್ಣನ ಕಡೆಯದ್ದು. ಅಪ್ಪನಾದ ನನಗೆ ಇದರಲ್ಲಿ ಸಂಬಂಧವೇ ಇಲ್ಲ" ಎಂದು ವಾದಿಸಿದೆ.

"ಹಾರ್ಮೋನಿಗೆ ಎಂತ ಅಳಿಯಕಟ್ಟು? ನಿಮ್ಮ ಅಪ್ಪನ ಫೋಟೋ ಒಮ್ಮೆ ನೋಡಿ" ಎಂದಳು ಜಯಂತಿ.

ಗೋಡೆಯ ಮೇಲೆ ನನ್ನ ಅಪ್ಪ ಕುರ್ಚಿ ತುಂಬ ಕೂತಿದ್ದರು. ಅವರನ್ನು ಊರವರು ಗತ್ತಿನ ಮನುಷ್ಯ ಎನ್ನುತ್ತಿದ್ದರೇ ಹೊರತು ತೋರ ಎಂದದ್ದು ನಾನು ಕೇಳಿಲ್ಲ. ಪಾಪ, ಹುಡುಗಿಗೆ ಮಾತ್ರ ಆ ಮರ್ಯಾದೆ ಸಿಗಲಿಲ್ಲ.

ಶ್ರುತಿ ಫೋಟೋದ ಹತ್ತಿರ ಹೋಗಿ ನಿಂತಳು. "ಅಜ್ಜ ನನ್ನ ಹಾಗೆಯೇ ಇದ್ದಾರೆ! ಅಪ್ಪಾ, ಹಾಗಾದರೆ ನನ್ನ ತಪ್ಪಲ್ಲವಾ?"

"ಅಲ್ಲ ಮಗಾ. ಖಂಡಿತ ಅಲ್ಲ" ಎಂದೆ.

ಅವಳು ಸ್ವಲ್ಪ ಯೋಚಿಸಿ, "ಹಾಗಾದರೆ ಅಪ್ಪ ಸಪೂರ ಇರುವುದು ಅಪ್ಪನ ಸಾಮರ್ಥ್ಯವೂ ಅಲ್ಲ!" ಎಂದಳು.

ತಾಯಿ ಮಗಳು ಬಿದ್ದು ಬಿದ್ದು ನಕ್ಕರು. ನಗುತ್ತಲೇ ಶ್ರುತಿ ಬಟ್ಟಲು ಎಳೆದುಕೊಂಡು, "ಅಮ್ಮಾ, ಅನ್ನ ಹಾಕು" ಎಂದಳು. ನನ್ನ ಕಣ್ಣು ತುಂಬಿತು. ಮಗಳು ಊಟಕ್ಕೆ ಕೂತಳಲ್ಲ ಎಂಬ ಸಂತೋಷಕ್ಕೆ ಎಂದು ಜಯಂತಿ ತಿಳಿದುಕೊಂಡಳು. ಹೌದು, ಮುಕ್ಕಾಲು ಪಾಲು ಅದಕ್ಕೇ.