ಬೇಳೆ ಮಿಲ್ಲಿಗೆ ಹೊಸ ಕಂಪ್ಯೂಟರ್ ಬಂದದ್ದು

ಅಂಗಡಿ, ಮಿಲ್ಲುಗಳ ಹಳೇ ಪ್ರೋಗ್ರಾಂ ತೆಗೆದು ಹೊಸದು ಹಾಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನು ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತವೆ. ತೊಂಬತ್ತರ ದಶಕದ ಕೊನೆಗೆ ಗುಲ್ಬರ್ಗಾದಿಂದ ಆಳಂದದ ಒಂದು ತೊಗರಿಬೇಳೆ ಮಿಲ್ಲಿಗೆ ಹದಿನೈದು ದಿನ ಅಡ್ಡಾಡಿದೆ. ಅಲ್ಲಿ ಕಪ್ಪು ಪರದೆ, ಹಸಿರು ಅಕ್ಷರದ ಹಳೇ ಸಾಫ್ಟ್‌ವೇರು. ಅದನ್ನು ನಡೆಸುತ್ತಿದ್ದವರು ಮಿಲ್ಲಿನ ಲೆಕ್ಕ ಬರೆಯುವ, ಅರವತ್ತರ ಸಮೀಪದ ಮುನೀಮರು. ಮೊದಲ ದಿನವೇ ನನ್ನನ್ನು ಬದಿಗೆ ಕರೆದು ಕೇಳಿದರು: “ಖರೇ ಹೇಳ್ರಿ. ಹೊಸಾದು ಬಂದ ಮ್ಯಾಲ ನನ್ನ ಕುರ್ಚಿ ಇರ್ತದೋ ಇಲ್ಲೋ?”

ನನಗೆ ಗೊತ್ತಿರಲಿಲ್ಲ. ಮಿಲ್ಲಿನ ಮಾಲೀಕರಾದ ಸಾಹುಕಾರರೂ ಏನೂ ಹೇಳಿರಲಿಲ್ಲ.

೧. ಚಹಾ ಬರುವ ಮೊದಲೇ

ಹಳೇ ಪ್ರೋಗ್ರಾಮಿಗೆ ಗೋದಾಮಿನ ಸ್ಟಾಕ್ ಕೇಳಿದರೆ, ಎದುರಿನ ಹೋಟೆಲಿನಿಂದ ಚಹಾ ತರಿಸಿ, ಕುಡಿದು, ಕಪ್ಪು ವಾಪಸ್ ಕಳಿಸುವಷ್ಟರಲ್ಲಿ ಉತ್ತರ ಬರುತ್ತಿತ್ತು. ಹೊಸದು ಕಣ್ಣು ಮಿಟುಕಿಸುವುದರೊಳಗೆ ಕೊಟ್ಟಿತು. ನಾನು ಮೀಸೆ ತಿರುವಿದೆ. ಮುನೀಮರು ತಲೆಯಾಡಿಸಿದರು.

“ಇಷ್ಟು ಲಗೂ ಬಂತಂದ್ರ ಇದು ಗೋದಾಮಿಗೆ ಹೋಗೇ ಇಲ್ರಿ. ಕುಂತಲ್ಲೇ ಏನೋ ಒಂದು ಹೇಳಾಕತ್ತದ!”

ಸಾಹುಕಾರರಿಗೂ ಅದು ಹೌದೆನ್ನಿಸಿತು. ಹಮಾಲರನ್ನು ಕಳಿಸಿ ಚೀಲ ಎಣಿಸಿದರು. ಒಂದೂ ಹೆಚ್ಚುಕಡಿಮೆ ಇರಲಿಲ್ಲ. ಆದರೂ ಮುನೀಮರು ಅಂದಿನಿಂದ ಚಹಾ ಕುಡಿದಾದ ಮೇಲೆಯೇ ಸ್ಟಾಕಿನ ಗುಂಡಿ ಒತ್ತಿದ್ದು.

೨. ಕೌದಿ

ಮಿಲ್ಲಿನ ತುಂಬ ತೊಗರಿ ಹೊಟ್ಟಿನ ಧೂಳು. ಮುನೀಮರು ಮನೆಯಿಂದ ಕೌದಿ ತಂದು, ನಡೆಯುತ್ತಿದ್ದ ಕಂಪ್ಯೂಟರಿಗೇ ಬೆಚ್ಚಗೆ ಹೊದಿಸಿಬಿಟ್ಟರು. ಮಧ್ಯಾಹ್ನದೊಳಗೆ ಅದು ಕಾದು ನಿಂತಿತು. “ಅದಕ್ಕೂ ಸೆಖೆ ಆಗುತ್ತದೆ, ಗಾಳಿ ಬೇಕು” ಎಂದು ತಿಳಿಹೇಳಿ ಬಂದೆ.

ಮರುದಿನ ಹೋದರೆ, ಒಂದು ಕೈ ಕೀಲಿಮಣೆಯ ಮೇಲೆ, ಇನ್ನೊಂದು ಕೈಯಲ್ಲಿ ಬೀಸಣಿಗೆ! ಕಂಪ್ಯೂಟರಿಗೆ ಬೀಸುತ್ತಿದ್ದಾರೆ, ಅವರ ಅಂಗಿ ಬೆವರಿಗೆ ತೊಯ್ದಿದೆ. “ನಿಮಗೂ ಒಂದಿಷ್ಟು ಬೀಸಿಕೊಳ್ಳಿ” ಎಂದೆ.

“ನಾ ಕೆಟ್ಟು ನಿಂತ್ರ ಗುಲ್ಬರ್ಗಾದಿಂದ ಯಾರೂ ಬರಂಗಿಲ್ಲಲ್ರಿ!”

ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ಮಾತ್ರ ಅವರ ಕುರ್ಚಿಯ ಪ್ರಶ್ನೆ ನೆನಪಾಯಿತು.

೩. ಒಡಪು

ಹೊಸದು ಪೂರ್ತಿ ಚಾಲೂ ಆಗಬೇಕಾದ ದಿನ ಮುನೀಮರು ಬರಲೇ ಇಲ್ಲ. ಹಿಂದಿನ ಸಂಜೆ ಬೀಗದಕೈ ಮೇಜಿನ ಮೇಲಿಟ್ಟು, ಹೆಂಡತಿಯೊಂದಿಗೆ ಜೇವರ್ಗಿಯ ಮಗಳ ಮನೆಗೆ ಹೋಗಿಬಿಟ್ಟಿದ್ದರು. ಇತ್ತ ಬೇಳೆ ಹೇರಿಕೊಂಡು, ಮಹಾರಾಷ್ಟ್ರದ ಗಡಿಯ ಖಜೂರಿ ದಾರಿ ಹಿಡಿಯಬೇಕಾದ ಎರಡು ಲಾರಿ ಗೇಟಿನಲ್ಲಿ ನಿಂತಿವೆ. ಮಾಲಿನ ಚೀಟಿ ಹೊಸ ಕಂಪ್ಯೂಟರೇ ಕೊಡಬೇಕು. ಅದು ಪಾಸ್‌ವರ್ಡ್ ಕೇಳುತ್ತಿದೆ. “ಯಾರಿಗೂ ಹೇಳಬೇಡಿ, ನನಗೂ ಸಹ” ಎಂದು ಮುನೀಮರಿಂದ ಅದನ್ನು ಇಡಿಸಿದ ಜಾಣ ನಾನೇ.

ಸಾಹುಕಾರರು ಜೇವರ್ಗಿಗೆ ಫೋನ್ ಹಚ್ಚಿದರು. ಆ ಫೋನಿನ ಮಾತು ಕೋಣೆಗೆಲ್ಲ ಕೇಳುತ್ತಿತ್ತು.

“ಮುನೀಮ್ರ, ಪಾಸ್‌ವರ್ಡ್ ಏನ್ರಿ?”

“ಅದು ನನ್ನ ಬಾಯಾಗ ಬರಂಗಿಲ್ರಿ, ಸಾಹುಕಾರ್ರ.”

ಸಾಹುಕಾರರ ಮುಖ ಕೆಂಪಾಯಿತು. “ಕುರ್ಚಿ ಹೋಗ್ತದಂತ ಸಿಟ್ಟೇನ್ರಿ? ಯಾರಂದ್ರು ನಿಮಗ? ನಾ ಇರೂತನಕ ಆ ಕುರ್ಚ್ಯಾಗ ಇನ್ನೊಬ್ಬನ್ನ ಕೂಡಸಂಗಿಲ್ಲ!”

ಮುನೀಮರು ದನಿ ತಗ್ಗಿಸಿದರು: “ಸಿಟ್ಟಲ್ರಿ... ಅದು ಮನಿಯವಳ ಹೆಸರದ. ಇಲ್ಲೇ ಬಾಜೂಕ ನಿಂತಾಳ.”

ನಮ್ಮ ಕಡೆ ಹಿರಿಯರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಲ್ಲಿ ಪ್ರಾಸ ಕೂಡಿಸಿ, ಒಡಪಿನಲ್ಲಿ ಹೇಳಿದ್ದೇ ಮೊದಲು, ಅದೇ ಕೊನೆ. ಸಾಹುಕಾರರ ಸಿಟ್ಟು ಜರ್ರನೆ ಇಳಿಯಿತು. “ಹಂಗಾರ ಒಡಪು ಹಾಕಿ ಹೇಳ್ರಿ!”

ಹಮಾಲರೂ ಡ್ರೈವರುಗಳೂ ಬಾಗಿಲಲ್ಲಿ ಗುಂಪುಗೂಡಿದರು. ಮುನೀಮರು ಕೆಮ್ಮಿದರು.

“ತೊಗರಿ ಹೂವು ಹಳದಿ, ಆಳಂದಕ್ಕೊಂದು ಮಿಲ್ಲ;
ಶಾಂತವ್ವ ಇಲ್ಲದ ಮನ್ಯಾಗ ನನಗ ಊಟ ಸೇರೂದಿಲ್ಲ!”

ಚಪ್ಪಾಳೆಯೋ ಚಪ್ಪಾಳೆ. ಹೆಸರು ಒತ್ತಿದೆ, ಕಂಪ್ಯೂಟರ್ ತೆರೆಯಿತು. “ನಾಳೆ ಮೊದಲನೇ ಬಸ್ಸಿಗೆ ಬರ್ರಿ” ಎಂದರು ಸಾಹುಕಾರರು. “ಬರ್ತೇನ್ರಿ” ಎಂದರು ಮುನೀಮರು. ನಾನು ಫೋನಿನತ್ತ ಬಾಗಿ, “ಇದು ಕಷ್ಟ, ಬೇರೆ ಪಾಸ್‌ವರ್ಡ್ ಇಡೋಣ” ಎಂದೆ.

ಆ ಕಡೆಯಿಂದ ಒಂದು ಹೆಣ್ಣುದನಿ ಬಂತು: “ಬದಲ್ ಮಾಡಬ್ಯಾಡ್ರಿ, ಯಪ್ಪಾ! ಲಗ್ನ ಆದಾಗಿಂದ ಇವತ್ತೇ ನನ್ನ ಹೆಸರ ತಗೊಂಡಾರ. ವಾರಕ್ಕೊಮ್ಮಿ ಮನೀತನಕ ಬಂದು ಕೇಳ್ರಿ!”