ಅಜ್ಜನ ನೀಲಿ ಮೀಸೆ

ನಮ್ಮ ಅತ್ತೆ ನಿಮ್ಮ ಮನೆಗೆ ಬರುವುದಿದ್ದರೆ ಬೆಳ್ಳಿ ಬಂಗಾರ ಹೊರಗೇ ಇರಲಿ, ಏನೂ ಭಯವಿಲ್ಲ. ಸತ್ತ ಹಿರಿಯರ ಫೋಟೋಗಳನ್ನು ಮಾತ್ರ ಮೊದಲು ಅಲಮಾರಿಯಲ್ಲಿಟ್ಟು ಕೀಲಿ ಹಾಕಿ!

ಅತ್ತೆ ಎಂದರೆ ಅಪ್ಪನ ತಂಗಿ. ಹೆಂಡತಿಯ ತಾಯಿ ಎಂದುಕೊಂಡು ಯಾರೂ ನನಗಾಗಿ ಕನಿಕರ ಪಡಬೇಡಿ. ಈಕೆ ಚಿತ್ರ ಬರೆಯುತ್ತಾಳೆ. ಕಾಗದದ ಮೇಲಲ್ಲ, ಗೋಡೆಯ ಮೇಲೂ ಅಲ್ಲ. ಕಟ್ಟು ಹಾಕಿಸಿ ತೂಗುಹಾಕಿದ ಫೋಟೋಗಳ ಗಾಜಿನ ಮೇಲೆ. ಕಾರ ಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಲು ಪುಟ್ಟ ಡಬ್ಬಿಗಳಲ್ಲಿ ವಾರ್ನೀಸು ಬಣ್ಣ ಮಾರುತ್ತಾರಲ್ಲ, ಅದೇ ಅವಳ ಬಣ್ಣ. ಕುಂಚ? ತೋರುಬೆರಳು.

ನಮ್ಮ ಮನೆಯಲ್ಲಿ ಮೊದಲು ಬಲಿಯಾದವನು ಅಜ್ಜ. ರಾಯಚೂರಿನ ನಮ್ಮ ಪಡಸಾಲೆಯ ನಡುಗೋಡೆಯಲ್ಲಿ, ತಲೆಗೆ ರುಮಾಲು ಸುತ್ತಿ, ಮನೆಯವರೆಲ್ಲರ ಮೇಲೂ ಒಂದಲ್ಲ ಒಂದು ಅನುಮಾನ ಇಟ್ಟುಕೊಂಡವನಂತೆ ನೋಡುತ್ತಿದ್ದ. ಒಂದು ಮುಂಜಾನೆ ನಾವು ಎದ್ದು ನೋಡಿದರೆ ಅಜ್ಜನಿಗೆ ನೀಲಿ ಮೀಸೆ! ಕೆಂಪು ಕಣ್ಣು! ಹಣೆಯಿಂದ ಗದ್ದದವರೆಗೆ ಹಳದಿ ಪಟ್ಟೆ! ನನ್ನ ನೆನಪಿನಲ್ಲಿ ಮೀಸೆ ನೀಲಿ. ತಂಗಿಯ ನೆನಪಿನಲ್ಲಿ ಹಸಿರು. ಅಪ್ಪ ಒರೆಸಿಬಿಟ್ಟಿದ್ದರಿಂದ ಸಾಕ್ಷಿ ಇಲ್ಲ. ಬರೆಯುತ್ತಿರುವವನು ನಾನಾದ್ದರಿಂದ ಸದ್ಯಕ್ಕೆ ನೀಲಿ.

ಅಪ್ಪ ಹೆಡ್ ಮಾಸ್ತರ. ತಪ್ಪು ಕಂಡರೆ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಗುವ ಜಾತಿ. ಅವನ ಕೂಗಿಗೆ ಓಣಿ ಎದ್ದಿತು.

“ಏನ್ ಮಾಡೀಬೇ ಇದು? ಹೆತ್ತಪ್ಪನ ಮಾರಿಗೆ ಬಣ್ಣ ಬಳದೀಯಲ್ಲ!”

“ಗಾಜಿಗೆ ಹಚ್ಚೀನೋ ಯಣ್ಣಾ. ಅಪ್ಪನ ಮಾರಿಗೇನೂ ಆಗಿಲ್ಲ, ಒಳಗ ಹಂಗ ಸಿಟ್ಟಿಲೆ ಕುಂತಾನ, ನೋಡು ಬೇಕಾದ್ರ.”

ಅಪ್ಪ ಹಳೆಯ ಧೋತರ ಹರಿದು, ಚಿಮಣಿ ಎಣ್ಣೆಯಲ್ಲಿ ಅದ್ದಿ, ಗಾಜು ಒರೆಸಿದ. ಆಮೇಲೆ ಆ ಅರಿವೆಯನ್ನು ಫೋಟೋದ ಪಕ್ಕದಲ್ಲೇ ಒಂದು ಮೊಳೆ ಬಡಿದು ತೂಗುಹಾಕಿದ. ಬೇರೆಯವರ ಪಡಸಾಲೆಯಲ್ಲಿ ಕ್ಯಾಲೆಂಡರು ತೂಗುತ್ತಿತ್ತು, ನಮ್ಮಲ್ಲಿ ಒರೆಸುವ ಅರಿವೆ.

ಅತ್ತೆಯ ಗಂಡನ ಮನೆ ಮಾನ್ವಿಯಲ್ಲಿ. ಅಕ್ಕಿ ಗಿರಣಿಯವರು, ಸ್ಥಿತಿವಂತರು. ಗಂಡ ತೀರಿಕೊಂಡಾಗ ಅವಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅಲ್ಲಿಂದ ಅವಳು ತಿರುಗಿ ಬಂದದ್ದಕ್ಕೆ ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಕಥೆ. ಆಸ್ತಿ ಎಂದರು, ಆರೋಗ್ಯ ಎಂದರು, ಗಿರಣಿಯ ತೌಡಿನ ಧೂಳು ಆಗಿಬರಲಿಲ್ಲ ಎಂದರು. ಎಲ್ಲವೂ ಇಸ್ತ್ರಿ ಮಾಡಿಟ್ಟ ಹಾಗೆ ನೀಟಾಗಿವೆ. ಅದಕ್ಕೇ ನನಗೆ ನಂಬಿಕೆಯಿಲ್ಲ. ಅತ್ತೆಯನ್ನೇ ಕೇಳಿದರೆ ಅವಳು ಹೇಳಿದ್ದು ಇಷ್ಟು:

“ಅಂವ ಹೋದ ದಿನ ನನ್ನ ಬಣ್ಣದ ಸೀರಿ ಎಲ್ಲಾ ತಗೊಂಡು ನೆಗೆಣ್ಣಿಗೆ ಕೊಟ್ರು. ನನಗ ಬೂದಿ ಬಣ್ಣದ್ದು ಎರಡು. ಬಣ್ಣ ಎಲ್ಲಾ ಅಂವನ ಜೋಡಿ ಹೋತು ಅಂದ್ರು. ಹೋಗಿದ್ರ ಅಂವನ ಮಾರಿ ಮ್ಯಾಲರ ಕಾಣಬೇಕಲ್ಲ? ಫೋಟೋ ನೋಡಿದ್ನಿ, ಕರಿ-ಬಿಳಿ. ಅದಕ್ಕ ಹಚ್ಚಿದ್ನಿ.”

ಗಂಡನ ಫೋಟೋದ ಕೆನ್ನೆಗೆ ಗುಲಾಬಿ, ತುಟಿಗೆ ಕೆಂಪು! ಆ ಮನೆಯವರು ಮರುದಿನವೇ ಅವಳನ್ನು ಬಸ್ ಹತ್ತಿಸಿದರು. ನೆಗೆಣ್ಣಿ, ಎಂದರೆ ಓರಗಿತ್ತಿ, ಅತ್ತೆಯದೇ ಗಿಣಿಹಸಿರು ಸೀರೆ ಉಟ್ಟುಕೊಂಡು ಬಸ್ ಸ್ಟ್ಯಾಂಡಿನವರೆಗೆ ಬಂದು ಕಣ್ಣೀರು ಹಾಕಿದಳಂತೆ. ಎಂಥ ಅಂತಃಕರಣ!

ನಾನು ರಾಯಚೂರಿನಲ್ಲಿ ನವ್ಯ, ಅಮೂರ್ತ ಎಂದೆಲ್ಲ ಭಾಷಣ ಬಿಗಿದುಕೊಂಡು ತಿರುಗುತ್ತಿದ್ದ ಕಾಲಕ್ಕೆ ಅವಳಿಗೆ ದಪ್ಪ ಡ್ರಾಯಿಂಗ್ ಹಾಳೆ ತಂದುಕೊಟ್ಟೆ. ಅದರ ಮೇಲೆ ಹಪ್ಪಳ ಒಣಹಾಕಿದಳು.

“ಯಾಕ ಅತ್ತಿ, ಹಾಳಿ ಮ್ಯಾಲೆ ಬರಿ. ಯಾರೂ ಒರಸೂದಿಲ್ಲ.”

“ಅದರಾಗ ಯಾರದಾರಲೇ? ಖಾಲಿ ಅದ. ಖಾಲಿ ಹಾಳಿ ಮ್ಯಾಲೆ ಸಿಟ್ಟು ಬರೂದಿಲ್ಲ ನನಗ.”

ನನ್ನ ಭಾಷಣಗಳಲ್ಲಿ ಇಷ್ಟು ತಿರುಳಿರುವ ವಾಕ್ಯ ಒಂದೂ ಇರಲಿಲ್ಲ. ಹಪ್ಪಳ ಮಾತ್ರ ಚೆನ್ನಾಗಿದ್ದವು.

ಹೀಗೆ ಅವಳು ಹಚ್ಚುವುದು, ಅಪ್ಪ ಒರೆಸುವುದು. ರೇಷನ್ನಿನಲ್ಲಿ ಚಿಮಣಿ ಎಣ್ಣೆ ನಿಂತುಹೋದ ಮೇಲೆ ಅಪ್ಪ ಬಣ್ಣದ ಅಂಗಡಿಯಿಂದ ಥಿನ್ನರ್ ತರತೊಡಗಿದ. ಅತ್ತೆ ಬಣ್ಣ ತರುತ್ತಿದ್ದುದೂ ಅದೇ ಅಂಗಡಿಯಿಂದ! “ಮಾಸ್ತರ್ರ, ನಿಮ್ಮ ತಂಗೆಮ್ಮ ಈಗ ಕೇಸರಿ ಒಯ್ದರು, ಥಿನ್ನರ್ ದೊಡ್ಡ ಬಾಟ್ಲಿ ಕೊಡ್ಲೇನ್ರಿ?” ಎಂದು ಅಂಗಡಿಯವನು ಕೇಳುತ್ತಿದ್ದ. ಗಾಜು ಫಳಫಳ ಹೊಳೆಯುತ್ತಿತ್ತು. ಆದರೆ ಅತ್ತೆಯ ಉಗುರಿನ ಸಂದಿನಲ್ಲಿ ಬಣ್ಣ ಉಳಿದೇ ಇರುತ್ತಿತ್ತು. ಅಪ್ಪನ ಅರಿವೆ ಅಲ್ಲಿಯವರೆಗೆ ಹೋಗುತ್ತಿರಲಿಲ್ಲ.

ಒಮ್ಮೆ ದೇವದುರ್ಗದಿಂದ ಗಂಡಿನ ಕಡೆಯವರು ನನ್ನ ತಂಗಿಯನ್ನು ನೋಡಲು ಬಂದರು. ಒಗ್ಗರಣಿ ಮಿರ್ಚಿಯ ತಿಂಡಿ ಮುಗಿದು ಚಹಾ ಬರುವ ಹೊತ್ತಿಗೆ ಹುಡುಗನ ಸೋದರಮಾವ ತಲೆಯೆತ್ತಿ ಗೋಡೆ ನೋಡಿದರು. ಅಲ್ಲಿ ನಮ್ಮ ಅಜ್ಜಿ. ಕೇಸರಿ ಮುಖ, ಕಪ್ಪು ಪಟ್ಟೆ, ಬಾಯಿಂದ ಎರಡು ಕೋರೆಹಲ್ಲು. ಅಪ್ಪನ ಕಣ್ಣು ತಪ್ಪಿಸಿ ಅದೇ ಮುಂಜಾನೆ ಹುಲಿಯಾಗಿದ್ದಳು.

“ಇವರು… ಯಾರ್ರೀ?”

ಒಳಗಿನಿಂದ ಅತ್ತೆ ಹೊರಗೆ ಬಂದಳು. “ನಮ್ಮವ್ವರೀ. ಬದುಕಿದ್ದಾಗ ಒಂದಿನಾನೂ ಗಂಡನ ಮುಂದ ಬಾಯಿ ಬಿಟ್ಟಾಕಿ ಅಲ್ಲ. ಈಗ ಸ್ವಲ್ಪ ಬಿಟ್ಟಾಳ.”

ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ತಂಗಿ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು ಎಂದು ನಾನು ಹೇಳುತ್ತೇನೆ. ಅಳುತ್ತಿದ್ದೆ ಎಂದು ಅವಳು ಹೇಳುತ್ತಾಳೆ.

ಅಂದು ಅಪ್ಪ ಕೂಗಾಡಲಿಲ್ಲ. ಸುಮ್ಮನೆ ಅರಿವೆ ತೆಗೆದುಕೊಂಡ. ಅತ್ತೆ ಅವನ ಕೈ ಹಿಡಿದಳು.

“ಯಣ್ಣಾ, ಇದೊಂದು ಬಿಡು. ಉಳಿದಾವು ಎಲ್ಲಾ ಒರಸು, ನಾ ಬ್ಯಾಡ ಅನ್ನೂದಿಲ್ಲ. ನಾ ಹಚ್ಚಿದ್ದು ಒಂದ ಒಂದು ಈ ಮನಿಯೊಳಗ ಇರ್ಲಿ.”

“ಒಂದೂ ಇರೂದಿಲ್ಲ,” ಎಂದ ಅಪ್ಪ.

ಒರೆಸುವ ಮೊದಲು ಅವನು ಆ ಹುಲಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದ ಎಂದು ನನಗೆ ನೆನಪು. ನಿಜವಾಗಿ ನಿಂತಿದ್ದನೋ, ಅವನು ಸತ್ತ ಮೇಲೆ ನಾನು ಸೇರಿಸಿದೆನೋ ಗೊತ್ತಿಲ್ಲ. ಸತ್ತವರಿಗೆ ಬಣ್ಣ ಹಚ್ಚುವುದು ನಮ್ಮ ಮನೆತನದ ರೋಗ.

ಹೌದು, ಹೋದ ಬೇಸಿಗೆ ಅಪ್ಪ ತೀರಿಕೊಂಡ. ಅಜ್ಜ, ಅಜ್ಜಿಯರ ಪಕ್ಕದಲ್ಲಿ ಅವನ ಫೋಟೋ ಬಂತು. ಹೆಡ್ ಮಾಸ್ತರನ ಕೋಟು, ಕನ್ನಡಕ, ಇನ್ನೇನು ಬೈಯಬೇಕು ಎಂಬಂಥ ತುಟಿ. ಬಂಧುಗಳೆಲ್ಲ ಗಾಜಿಗಿಂತ ಹೆಚ್ಚಾಗಿ ಅತ್ತೆಯ ಬೆರಳನ್ನೇ ನೋಡುತ್ತಿದ್ದರು. ಇನ್ನು ಕೇಳುವವರಿಲ್ಲ, ಇಡೀ ಗೋಡೆ ಅವಳದೇ! ಮಾನ್ವಿಯ ನೆಗೆಣ್ಣಿಯೂ ಬಂದಿದ್ದಳು. ಬಹುಶಃ ನೋಡಲೆಂದೇ.

ಅತ್ತೆ ಗಾಜಿಗೆ ಮೂರು ಬೆರಳು ವಿಭೂತಿ ಎಳೆದು ಒಳಗೆ ಹೋದಳು. ಅಷ್ಟೇ.

ತಿಂಗಳು ಕಳೆಯಿತು, ಮಳೆಗಾಲ ಬಂತು. ಕಾರ ಹುಣ್ಣಿಮೆಗೆ ಅವಳು ಅಂಗಡಿಗೆ ಹೋಗಲಿಲ್ಲ. ಡಬ್ಬಿಗಳಲ್ಲಿ ಬಣ್ಣ ಕೆನೆಗಟ್ಟಿತು. ಒಂದು ದಿನ ಊಟಕ್ಕೆ ರೊಟ್ಟಿ ಹಾಕುವಾಗ ಅವಳ ಕೈ ನೋಡಿದೆ. ಉಗುರುಗಳು ಬೆಳ್ಳಗಿದ್ದವು. ಅಷ್ಟು ಸ್ವಚ್ಛ ಉಗುರನ್ನು ನಾನು ಅವಳ ಕೈಯಲ್ಲಿ ಎಂದೂ ಕಂಡಿರಲಿಲ್ಲ.

“ಯಾಕ ಅತ್ತಿ, ಹಚ್ಚೂದು ಬಿಟ್ಟಿ?”

“ಒರಸಾಕ ಯಾರದಾರಪ್ಪಾ ಇನ್ನ?” ಎಂದಳು. “ಅಂವ ಒರಸ್ತಾನಂತ ಗೊತ್ತಿತ್ತು, ಮನಸಿಗೆ ಬಂದದ್ದು ಹಚ್ತಿದ್ನಿ. ಈಗ ಹಚ್ಚಿದ್ದು ಹಂಗ ಉಳೀತದ. ಅಂಜಿಕಿ ಬರ್ತದ.”

ನೋಡಿ, ನಮ್ಮ ಅಪ್ಪನ ಸಾಮರ್ಥ್ಯ! ಅರಿವೆ ಹಿಡಿಯದೆಯೇ ಒರೆಸುವುದನ್ನು ಸತ್ತ ಮೇಲೆ ಕಲಿತಿದ್ದ. ಒಬ್ಬ ಹೆಂಗಸು ಜೀವಮಾನದಲ್ಲಿ ಒಮ್ಮೆ ‘ಇದೊಂದು ಬಿಡು’ ಎಂದು ಬೇಡಿಕೊಂಡಳು. ಬಿಡದವನು ಹೋದ, ಎಲ್ಲವನ್ನೂ ಬಿಟ್ಟು ಹೋದ. ಈಗ ಅವಳ ಕೈ ಏಳುತ್ತಿಲ್ಲ. ನನಗೆ ಅಪ್ಪನ ಮೇಲೆ ಬಂದ ಸಿಟ್ಟಿಗೆ, ಆ ಗಾಜಿಗೆ ನಾನೇ ಡಾಂಬರು ಬಳಿಯುತ್ತಿದ್ದೆನೇನೋ.

ಬಳಿಯಲಿಲ್ಲ. ಎದ್ದು ಹೋಗಿ ಮೊಳೆಯಲ್ಲಿ ತೂಗುತ್ತಿದ್ದ ಅರಿವೆಯನ್ನು ತೆಗೆದು ಹೆಗಲಿಗೆ ಹಾಕಿಕೊಂಡೆ. ಅದರಲ್ಲಿ ಅಷ್ಟೂ ವರ್ಷಗಳ ಬಣ್ಣ ಗಟ್ಟಿಯಾಗಿ ಕೂತಿತ್ತು. ಅವಳ ಚಿತ್ರಗಳಲ್ಲಿ ಉಳಿದದ್ದು ಅದೊಂದೇ.

“ನಾ ಒರಸ್ತೀನಿ ಅತ್ತಿ. ನೀ ಹಚ್ಚು.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಿನಗ ಬರ್ತದೇನಲೇ? ಅಂವ ಮೂಲಿಯಿಂದ ಸುರು ಮಾಡ್ತಿದ್ದ. ಒಂದು ಗೆರಿ ಉಳೀತಿದ್ದಿಲ್ಲ.”

“ಕಲೀತೀನಿ.”

ಮರುದಿನ ಪಡಸಾಲೆಗೆ ಬಂದಾಗ ಅಪ್ಪ ಹುಲಿಯಾಗಿದ್ದ. ಕೇಸರಿ ಕೆನ್ನೆ, ಕಪ್ಪು ಪಟ್ಟೆ, ಕನ್ನಡಕಕ್ಕೆ ಗಿಣಿಹಸಿರು. ಕೋರೆಹಲ್ಲು ಮಾತ್ರ ಇರಲಿಲ್ಲ. ಬಾಯಿ ಮುಚ್ಚಿಸಿ, ತುಟಿಯ ತುದಿಯನ್ನು ಗುಲಾಬಿಯಲ್ಲಿ ಒಂಚೂರು ಮೇಲೆತ್ತಿದ್ದಳು. ಮೀಸೆ ನೀಲಿ. ಈ ಸಲ ಸಾಕ್ಷಿ ಇದೆ, ಬಂದು ನೋಡಬಹುದು.

ಅಂದಿನಿಂದ ದಿನಾ ಮುಂಜಾನೆ ಬೈಗುಳ. “ಒರಸ್ತೀನಂದಿದ್ದೆಲ್ಲೋ ಹೈವಾನ್! ನಿಮ್ಮಪ್ಪ ಇದ್ದಿದ್ರ ಚಹಾ ಕುಡಿಯೂದರೊಳಗ ಒರಸ್ತಿದ್ದ. ಒರಸೂದೂ ಬರೂದಿಲ್ಲಲ್ಲೋ ನಿನಗ!”

“ನಾಳಿ ಒರಸ್ತೀನಿ ಅತ್ತಿ. ಥಿನ್ನರ್ ಮುಗದದ.”

“ನಾಳಿ ಅಂತ, ನಾಳಿ!” ಎನ್ನುತ್ತ ಅವಳು ನನಗೆ ಚಹಾ ಕೊಡುತ್ತಾಳೆ. ಕಪ್ಪಿನ ಕೆಳಗಿನ ಬಸಿಯ ಅಂಚಿನಲ್ಲಿ ಪ್ರತಿದಿನ ಒಂದು ಕೇಸರಿ ಬೆರಳಚ್ಚು ಇರುತ್ತದೆ. ಅದನ್ನೂ ನಾನು ಒರೆಸುವುದಿಲ್ಲ.