ಹೊಳೆ ತಂದ ಕಟ್ಟಿಗೆ

ಗ್ಯಾಸು ಹೊಟ್ಟೆಯಲ್ಲಿ ಮಾತ್ರ ಇದ್ದ ಕಾಲ ಅದು. ಬೇಸಿಗೆಯಿಡೀ ಫರಂಗಿಪೇಟೆಯ ಜನ ಗುಡ್ಡೆ ಹತ್ತಿ ಕಟ್ಟಿಗೆ ಹೊತ್ತು ತರುವಾಗ ರುಕ್ಮಯ್ಯ ಜಗಲಿಯಲ್ಲಿ ಕುಳಿತು ಎಲೆಯಡಿಕೆ ಜಗಿಯುತ್ತಿದ್ದ. ಮಳೆಗಾಲದಲ್ಲಿ ನೇತ್ರಾವತಿಯೇ ಘಟ್ಟದ ಮರಗಳನ್ನು ಪುಕ್ಕಟೆ ತಂದುಕೊಡುವಾಗ ಬೆನ್ನು ಮುರಿದುಕೊಳ್ಳುವುದು ದಡ್ಡರ ಕೆಲಸ ಎಂಬುದು ಅವನ ವಾದ.

ಮಳೆ ಬಿಡದೆ ಸುರಿಯುವ ಆಟಿ ತಿಂಗಳು ಬಂತು. ಕೊಟ್ಟಿಗೆಯಲ್ಲಿ ಉಳಿದದ್ದು ತೆಂಗಿನ ಮಡಲಿನ ನಾಲ್ಕು ತುಂಡು. ಒಲೆ ಊದಿ ಊದಿ ಕಣ್ಣು ಕೆಂಪಾಗಿದ್ದ ಹೆಂಡತಿ ದಮಯಂತಿ ಊದುಗೊಳವೆಯನ್ನು ಗಂಡನ ಕಡೆಗೇ ಚಾಚಿದಳು.

“ನಿಮ್ಮ ಹೊಳೆಗೆ ನೆರೆ ಬಂದದ್ದು ಉಂಟಲ್ಲ? ಹೋಗಿ. ಕಟ್ಟಿಗೆ ಇಲ್ಲದೆ ಒಳಗೆ ಕಾಲಿಡಬೇಡಿ. ಗಂಜಿಯೂ ಇಲ್ಲ, ಚಾಪೆಯೂ ಇಲ್ಲ.”

ರುಕ್ಮಯ್ಯ ಮಳೆಗೆ ಓಲೆಯ ಗೊರಬೆ ಹೊದ್ದು, ಹಗ್ಗ ಹಿಡಿದು ಹೊಳೆಬದಿಗೆ ಬಂದ. ದಡದ ತುಂಬ ಜನ. ಮೊದಲು ಹಗ್ಗ ಹಾಕಿದವನಿಗೆ ಮರ, ಅದು ಅಲ್ಲಿಯ ಕಾನೂನು. ಮಧ್ಯಾಹ್ನದವರೆಗೆ ರುಕ್ಮಯ್ಯನ ಹಗ್ಗಕ್ಕೆ ಸಿಕ್ಕಿದ್ದು ಒಂದು ಬಾಳೆಗಿಡ ಮತ್ತು ನೆರೆಮನೆಯ ಮುಂಡಪ್ಪನ ಕಾಲು.

“ನನ್ನನ್ನು ಒಲೆಗೆ ಹಾಕ್ತೀರಾ ಮಾರಾಯ್ರೆ?” ಎಂದು ಮುಂಡಪ್ಪ ಕಾಲು ಬಿಡಿಸಿಕೊಂಡ.

ಅಷ್ಟರಲ್ಲಿ ಪಾಚಿ, ಕೆಸರು ಮೆತ್ತಿದ ಹಲಸಿನ ದಿಮ್ಮಿಯೊಂದು ತೇಲಿ ಬಂತು. ರುಕ್ಮಯ್ಯ ಹಗ್ಗದ ಗಂಟು ಬಿಡಿಸುವುದರೊಳಗೆ ದೋಣಿಯ ಹನೀಫಾ ಅದಕ್ಕೆ ಕುಣಿಕೆ ಹಾಕಿ ದಡಕ್ಕೆಳೆದಿದ್ದ.

ರುಕ್ಮಯ್ಯನಿಗೆ ಗಂಜಿ ನೆನಪಾಯಿತು. “ಹನೀಫಾ, ಅದು ನನ್ನದು!”

“ನಿಮ್ಮದಾ? ಹೇಗೆ?”

“ನನ್ನ ಜಾಗೆಯಿಂದಲೇ ಬಂದದ್ದು. ಹೆತ್ತ ಮಗುವಿನ ಹಾಗೆ ಗುರ್ತ ಉಂಟು ನನಗೆ.”

ಇಷ್ಟು ದೊಡ್ಡ ಸುಳ್ಳಿಗೂ ಅವನ ನಾಲಿಗೆ ತೊದಲಲಿಲ್ಲ.

ಯಜಮಾನನಿರುವ ಮರಕ್ಕೆ ಹಗ್ಗದ ಕಾನೂನು ಇಲ್ಲ. “ಒಬ್ಬರ ಸೊತ್ತು ನಮಗೆ ಯಾಕೆ?” ಎಂದು ಹನೀಫಾ ಕುಣಿಕೆ ಬಿಚ್ಚಿದ್ದಲ್ಲದೆ ಒಂದು ತುದಿಗೆ ಹೆಗಲನ್ನೂ ಕೊಟ್ಟ. ಮುಂಡಪ್ಪ ನಡುವೆ ಸೇರಿಕೊಂಡ. ಮೂವರೂ ಕೆಸರಿನಲ್ಲಿ ಜಾರುತ್ತಾ ಹೊರಟರು. ರುಕ್ಮಯ್ಯನಿಗೆ ತುಸು ನಾಚಿಕೆಯೇನೋ ಆಯಿತು, ಆದರೆ ಬಿಸಿ ಗಂಜಿಯ ಆಸೆ ಅದಕ್ಕಿಂತ ದೊಡ್ಡದಿತ್ತು.

ಮನೆಯೆದುರಿನ ತೋಡಿನ ಬಳಿ ಮೂವರೂ ಗಕ್ಕನೆ ನಿಂತರು. ಹೊಳೆ ಸೇರುವ ಆ ತೋಡು ಕೆಂಪಾಗಿ ಭೋರ್ಗರೆಯುತ್ತಿತ್ತು. ಬೆಳಿಗ್ಗೆ ರುಕ್ಮಯ್ಯ ದಾಟಿ ಬಂದಿದ್ದ ಒಂಟಿ ಮರದ ಸಂಕ ಅಲ್ಲಿರಲಿಲ್ಲ.

“ಸಂಕ ಬೊಳ್ಳಕ್ಕೆ ಹೋಯ್ತು!” ದಮಯಂತಿ ಆಚೆ ದಡದಿಂದ ಕೂಗಿದಳು. “ನನ್ನ ಕಣ್ಣೆದುರೇ ತೇಲಿಕೊಂಡು ಹೋಯ್ತು!”

ಮುಂಡಪ್ಪ ದಿಮ್ಮಿಯನ್ನು ಕೆಳಗಿಳಿಸಿ ಮಗುಚಿದ. ಆ ಬದಿಯನ್ನು ಚಪ್ಪಟೆಯಾಗಿ ಕೆತ್ತಲಾಗಿತ್ತು, ಜನ ನಡೆದು ನಡೆದು ನುಣುಪಾಗಿತ್ತು. ವರ್ಷಗಟ್ಟಲೆ ಅದರ ಬೆನ್ನ ಮೇಲೆ ಓಡಾಡಿದ ರುಕ್ಮಯ್ಯ ಹೊಟ್ಟೆಯನ್ನು ನೋಡಿದ್ದು ಇಂದೇ.

“ತಪ್ಪಾಯ್ತು ರುಕ್ಮಯ್ಯಣ್ಣ,” ಎಂದ ಹನೀಫಾ. “ನೀವು ಸುಳ್ಳು ಹೇಳಿದ್ದು ಅಂತ ಗ್ರಹಿಸಿದ್ದೆ ನಾನು.”

ಮೂವರೂ ಸೇರಿ ದಿಮ್ಮಿಯನ್ನು ತೋಡಿಗೆ ಅಡ್ಡ ಹಾಕಿದರು. ರುಕ್ಮಯ್ಯ ಜೋಪಾನವಾಗಿ ದಾಟಿ ಜಗಲಿಯ ಹತ್ತಿರ ಬಂದ.

ದಮಯಂತಿ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಸಂಕ ತಂದದ್ದು ಒಳ್ಳೇದಾಯ್ತು,” ಎಂದಳು. “ಇನ್ನು ಅದರ ಮೇಲೆಯೇ ತಿರುಗಿ ಹೋಗಿ ಕಟ್ಟಿಗೆ ತನ್ನಿ.”